ಕೂರಿಗೆಯ ಹಿಂದೆ ಮಾತಿಲ್ಲ

ಹಿಂಗಾರಿ ಜೋಳ ಬಿತ್ತಿದ ಹತ್ತನೆಯ ದಿನ ನಮ್ಮ ಓಣಿಯವರಿಗೆ ಒಂದು ಕೆಲಸ ಇರುತ್ತದೆ. ಕೆಲಸ ಎಂದು ಅವರು ಅನ್ನುತ್ತಾರೆ, ನನ್ನನ್ನು ಕೇಳಿದರೆ ಅದು ಕಾಲ್ನಡಿಗೆಯಲ್ಲಿ ಮಾಡುವ ಚಾಡಿ. ಬೆಳಗಿನ ಚಹಾ ಮುಗಿಸಿ, ಬಿಸಿಲು ಏರುವ ಮೊದಲು ಎಲ್ಲರೂ ಹೊಲದ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುತ್ತಾರೆ. ಮೊಳಕೆ ಆಗ ಬೆರಳುದ್ದ ಎದ್ದಿರುತ್ತದೆ. ಅದನ್ನು ನೋಡಿ ಬಿತ್ತಿದವಳು ಯಾರು, ಅವತ್ತು ಅವಳ ಮನಸ್ಸು ಹೇಗಿತ್ತು ಎಂಬುದನ್ನೆಲ್ಲ ಹೇಳಿಬಿಡುತ್ತಾರೆ. ಇಲ್ಲಿ ಗಂಡನ ಮೇಲೆ ಸಿಟ್ಟಿತ್ತು, ನೋಡು ಎಷ್ಟು ದಟ್ಟ ಆಗಿದೆ. ಇಲ್ಲಿ ಮನೆಯಲ್ಲಿ ಬಿಟ್ಟು ಬಂದ ಕೂಸಿನ ನೆನಪಾಗಿದೆ, ಸಾಲು ತೆಳ್ಳಗಾಗಿದೆ. ಸಣ್ಣವಳಿದ್ದಾಗ ನನಗೆ ಈ ನಡಿಗೆ ಎಂದರೆ ಪ್ರಾಣ. ಬೈಸಿಕೊಳ್ಳುವವರು ಬೇರೆಯವರಾಗಿದ್ದರೆ ಯಾರಿಗೆ ಖುಷಿ ಇರುವುದಿಲ್ಲ?

ನನ್ನ ಅವ್ವನ ಸಾಲುಗಳ ಹತ್ತಿರ ಬಂದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು. ಅಲ್ಲಿ ಆಡಿಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ನಾವು ಬೇಡರು. ಹಿರಿಯರು ಬೇಟೆಯ ಮೇಲೆ ಬದುಕಿದವರು, ಬೇಸಾಯಕ್ಕೆ ತಡವಾಗಿ ಬಂದವರು. ಹಾಗಾಗಿ ಕೆಳಗಿನ ಕರಿ ಭೂಮಿ ನಮ್ಮ ಪಾಲಿಗೆ ಸಿಗಲಿಲ್ಲ, ಸಿಕ್ಕಿದ್ದು ಮರಡಿ. ಮರಡಿ ಅಂದರೆ ಕಲ್ಲು ತುಂಬಿದ ಗುಡ್ಡದ ಇಳಿಜಾರು, ನಡುನಡುವೆ ಅಲ್ಲೊಂದು ಇಲ್ಲೊಂದು ಎರೆಮಣ್ಣಿನ ಪಟ್ಟಿ. ಗೋಕಾಕದಿಂದ ಮಮದಾಪುರದ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಕೆಳಗೆಲ್ಲ ಹಸಿರು ಕಬ್ಬು, ಮೇಲೆ ಬೋಳು ಗುಡ್ಡ ಕಾಣುತ್ತದಲ್ಲ, ಆ ಬೋಳು ನಮ್ಮದು. ಟ್ರ್ಯಾಕ್ಟರಿನ ಬಿತ್ತುವ ಯಂತ್ರ ಅಲ್ಲಿಗೆ ಒಮ್ಮೆ ಬಂದಿತ್ತು. ಅರ್ಧ ದಿನದಲ್ಲಿ ಅದರ ಎರಡು ಹಲ್ಲು ಮುರಿದವು, ಡ್ರೈವರ್ ಕಲ್ಲುಗಳನ್ನೂ ನಮ್ಮನ್ನೂ ಒಟ್ಟಿಗೆ ಬೈದು ಇಳಿದು ಹೋದ. ಹಾಗಾಗಿ ನಮ್ಮ ಮರಡಿಯಲ್ಲಿ ಇವತ್ತಿಗೂ ಎತ್ತು ಕಟ್ಟಿದ ಕೂರಿಗೆಯೇ ಬಿತ್ತುತ್ತದೆ.

ಕೂರಿಗೆಯ ತಲೆಯ ಮೇಲೆ ಒಂದು ಮರದ ಬಟ್ಟಲು. ಅದರ ತಳದಲ್ಲಿ ಮೂರು ತೂತು, ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಮಣ್ಣಿನೊಳಗೆ ಇಳಿಯುತ್ತದೆ. ಗಂಡಸು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತಾ ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತಾಳೆ. ಹೇಳುವುದಕ್ಕೆ ಇಷ್ಟೇ. ಆದರೆ ಮೂರೂ ತೂತಿಗೆ ಸಮನಾಗಿ ಬೀಳಬೇಕು, ಎತ್ತಿನ ಹೆಜ್ಜೆಗೆ ತಕ್ಕಂತೆ ಬೀಳಬೇಕು, ಕಲ್ಲಿನ ಜಾಗ ಬಂದರೆ ಬೆರಳು ಬಿಗಿಯಾಗಬೇಕು, ಎರೆಮಣ್ಣು ಬಂದರೆ ಸಡಿಲಾಗಬೇಕು. ಅವ್ವ ಬರಿಗಾಲಲ್ಲೇ ಬಿತ್ತುತ್ತಿದ್ದಳು. ಮಣ್ಣು ಬದಲಾದದ್ದು ಅಂಗಾಲಿಗೆ ತಿಳಿಯುತ್ತಿತ್ತು, ಅಂಗಾಲು ಬೆರಳಿಗೆ ಹೇಳುತ್ತಿತ್ತು. ನಡುವೆ ತಲೆಗೆ ಏನೂ ಕೆಲಸ ಇರಲಿಲ್ಲ ಎಂದು ಕಾಣುತ್ತದೆ, ಯಾಕೆಂದರೆ ಕೇಳಿದರೆ ಅವಳಿಗೆ ವಿವರಿಸಲು ಬರುತ್ತಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟು ಇತ್ತು. ಕೂರಿಗೆ ನಡೆಯುತ್ತಿರುವಾಗ ಯಾರೂ ಮಾತಾಡುವಂತಿಲ್ಲ. ಬದುವಿನ ಮೇಲೆ ಕೂತು ನಾನು ಕೆಮ್ಮಿದರೂ ಸಾಲಿನ ತುದಿಗೆ ಬಂದು ದುರುಗುಟ್ಟಿ ನೋಡುತ್ತಿದ್ದಳು. ಭೂತಾಯಿಯ ಮೇಲಿನ ಭಕ್ತಿ ಎಂದುಕೊಂಡಿದ್ದೆ.

ನಾನು ಎರಡನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಬೇರೆ ಕಡೆ ಗಂಡ ಸತ್ತವಳ ಉಡಿ ಯಾರೂ ತುಂಬುವುದಿಲ್ಲ. ಆ ವರ್ಷದ ಬಿತ್ತಿಗೆಯ ದಿನ ಅವ್ವ ಕದ ಮುಂದೆ ಮಾಡಿಕೊಂಡು ಒಳಗೆ ಕೂತಿದ್ದಳು. ಓಣಿಯವರು ಬಂದು ಕದ ನೂಕಿ, ಮೊರದಲ್ಲಿ ತಂದ ಜೋಳವನ್ನು ಅವಳ ಉಡಿಗೆ ಹಾಕಿ ಹೊಲಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ಪ್ರತಿ ವರ್ಷ ಹಾಗೇ. ಮರಡಿಯ ತುದಿಯ ಹೊಲ ಮೊದಲು ಹದಕ್ಕೆ ಬರುತ್ತದೆ, ಅದು ನಮ್ಮ ಕಾಕಾನದು, ಅಪ್ಪನ ದಾಯಾದಿ ತಮ್ಮ. ಆ ಹೊಲವನ್ನು ಪೂರ್ತಿ ಅವ್ವ ಬಿತ್ತಬೇಕು. ಅವಳ ಉಡಿಯಲ್ಲಿ ಉಳಿದ ಕಾಳನ್ನು ಮನೆಗೊಂದು ಚಿಟಿಕೆಯಂತೆ ಒಯ್ದು ಎಲ್ಲರೂ ತಮ್ಮ ಬೀಜಕ್ಕೆ ಬೆರೆಸಿಕೊಳ್ಳಬೇಕು. ಅವ್ವನ ಮಟ್ಟಿಗೆ ವರ್ಷ ಅಂದರೆ ಆ ಒಂದು ದಿನ. ಉಳಿದ ದಿನಗಳು ಆ ದಿನಕ್ಕೆ ಕಾಯಲು ಇದ್ದವು.

ನಾನು ಓದಿ ನರ್ಸ್ ಆದೆ. ಈಗ ಹುಕ್ಕೇರಿಯಲ್ಲಿ ಕೆಲಸ. ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚುವುದು, ಪಾದ ನೋಡುವುದು, ಸ್ಪರ್ಶ ಉಳಿದಿದೆಯೇ ಎಂದು ಪರೀಕ್ಷಿಸುವುದು, ಚಪ್ಪಲಿ ಇಲ್ಲದೆ ಓಡಾಡಿದರೆ ಬೈಯುವುದು ನನ್ನ ದಿನದ ಕಸುಬು. ಬೈಯುವುದರಲ್ಲಿ ನನಗೆ ಹೆಸರಿದೆ.

ಹೋದ ವರ್ಷದ ಹಿಂದಿನ ವರ್ಷ ಬಿತ್ತಿಗೆ ಮುಗಿದು ಮೂರು ವಾರವಾದ ಮೇಲೆ ಒಂದು ಭಾನುವಾರ ಊರಿಗೆ ಬಂದೆ. ಈ ಸಲ ನಡಿಗೆಯಲ್ಲಿ ಯಾರು ಯಾರನ್ನು ಆಡಿಕೊಂಡರು ಎಂದು ಕೇಳಿದರೆ, ಈ ಸಲ ನಡಿಗೆಯೇ ಆಗಲಿಲ್ಲ ಎಂದರು. ಎಲ್ಲರಿಗೂ ಕೆಲಸ ಬಹಳ ಇತ್ತಂತೆ. ನಮ್ಮ ಓಣಿಯವರು ಚಾಡಿಗೆ ಪುರಸೊತ್ತಿಲ್ಲ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಒಬ್ಬಳೇ ಮೇಲಿನ ಹೊಲಕ್ಕೆ ಹೋದೆ.

ಕಾಕಾನ ಹೊಲದ ಸಾಲುಗಳು ತುಂಡು ತುಂಡಾಗಿದ್ದವು. ಕಲ್ಲಿನ ಜಾಗದಲ್ಲಿ ಪೈರು ಒತ್ತೊತ್ತಾಗಿ ಹಳದಿ ತಿರುಗಿತ್ತು. ಒಳ್ಳೆಯ ಎರೆಮಣ್ಣಿನಲ್ಲಿ ಎರಡೆರಡು ಹೆಜ್ಜೆ ಖಾಲಿ. ಆ ಖಾಲಿ ಜಾಗಗಳಲ್ಲೆಲ್ಲ ಈಗಷ್ಟೇ ಕಣ್ಣು ಬಿಟ್ಟ ಕಡಲೆ ಗಿಡಗಳು. ಕಾಕಾ ಅಲ್ಲೇ ಬದುವಿನ ಮೇಲೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದ.

"ಕಾಕಾ, ಬೀಜ ಎಂಥಾದ್ದು ಹಾಕೀರಿ? ಹುಳಾ ಹಿಡಿದದ್ದು ಇತ್ತೇನು?" ಎಂದೆ.

"ಬೀಜ ಛಲೋನ ಇತ್ತು ತಂಗಿ. ಇರಿವಿ ಒಯ್ದಾವ." ಮಗಳ ಸಮಾನದವಳನ್ನು ನಮ್ಮ ಕಡೆ ತಂಗಿ ಅನ್ನುತ್ತಾರೆ.

"ಇರಿವಿ ಇಷ್ಟು ಒಯ್ತಾವೇನ್ರಿ? ಮತ್ತ ಜೋಳದ ಸಾಲಿನಾಗ ಕಡ್ಲಿ ಯಾಕ? ಬುದ್ಧಿ ಬ್ಯಾಡೇನು? ಜೋಳ ಎತ್ತರಾದ ಮ್ಯಾಲ ನೆಳ್ಳಿಗೆ ಅದು ಏನ್ ಬೆಳದೀತು?"

ಕಾಕಾ ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದ. "ಖರೆ ತಂಗಿ, ತಪ್ಪಾಗೈತಿ," ಎಂದ. ನಾನು ಅಲ್ಲಿಗೂ ಬಿಡದೆ ಬೀಜೋಪಚಾರದ ಬಗ್ಗೆ ಒಂದು ಭಾಷಣ ಮಾಡಿ ಇಳಿದೆ. ಅವತ್ತಿನ ನನ್ನ ಮಾತುಗಳಲ್ಲಿ ಒಂದೊಂದೂ ಇವತ್ತಿಗೂ ನೆನಪಿದೆ, ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಮನೆಗೆ ಬಂದರೆ ಅವ್ವ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಬೆರಳು ಹಂಚಿಗೆ ತಾಗಿದರೆ ಯಾರಾದರೂ ಕೈ ಎಳೆದುಕೊಳ್ಳುತ್ತಾರೆ. ಅವ್ವ ಎಳೆದುಕೊಳ್ಳಲಿಲ್ಲ. ಬೆರಳು ಹಂಚಿನ ಮೇಲೆ ಹಾಗೇ ಇತ್ತು, ಅವಳು ನನ್ನ ಕಡೆ ತಿರುಗಿ ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಕೇಳುತ್ತಿದ್ದಳು. ನಾನು ಓಡಿ ಹೋಗಿ ಕೈ ಹಿಡಿದು ಎಳೆದೆ. ತೋರುಬೆರಳ ತುದಿಯಲ್ಲಿ ಹೊಸ ಬೊಕ್ಕೆ, ಅದರ ಬಾಜೂ ಒಣಗಿದ ಎರಡು ಹಳೆಯ ಬೊಕ್ಕೆ.

ಮೂಲೆಯ ಡಬ್ಬಿಯಿಂದ ಐದಾರು ಜೋಳದ ಕಾಳು ತಂದು ಎದುರಿಗೆ ಕೂತೆ.

"ಕಣ್ಣ ಮುಚ್ಚ ಯವ್ವಾ."

"ಏನ್ ಆಟ ಹಚ್ಚೀದಿ? ರೊಟ್ಟಿ ಹೊತ್ತತೈತಿ."

"ಹೊತ್ತಲಿ. ಮುಚ್ಚ."

ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಳು ಇಟ್ಟೆ. ಬಿಗಿಯಾಗಿ ಹಿಡಿ ಎಂದೆ. ಹಿಡಿದಳು. ಕಾಳು ಜಾರಿ ನೆಲಕ್ಕೆ ಬಿತ್ತು. ಅವಳು ಹಿಡಿದೇ ಇದ್ದಳು.

"ಐತೇನು?" ಎಂದೆ.

"ಐತಲ್ಲ. ಹಿಡದೇನಲ್ಲ."

ಕಣ್ಣು ಮುಚ್ಚಿಕೊಂಡು, ಎರಡು ಬೆರಳು ಬಿಗಿ ಹಿಡಿದು, ನನ್ನ ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಅವ್ವ ನೆಟ್ಟಗೆ ಕೂತಿದ್ದಳು. ಬೆರಳ ನಡುವೆ ಏನೂ ಇರಲಿಲ್ಲ. ನನಗೆ ಅಳು ಬಂತು. ಅಪರಿಚಿತರ ಪಾದಗಳನ್ನು ಇಷ್ಟು ವರ್ಷ ಹಿಡಿದು ನೋಡಿದವಳು ಅವ್ವನ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ. ಪಾದ ನೋಡಿದೆ. ಅಂಗಾಲಿನಲ್ಲೂ ಅರಿವಿರಲಿಲ್ಲ. ಮೇಲಿನ ಹೊಲದಲ್ಲಿ ನಾನು ಕಂಡದ್ದೆಲ್ಲ ಆಗ ಅರ್ಥವಾಯಿತು. ಕಲ್ಲು ಬಂದದ್ದು ಅವಳಿಗೆ ತಿಳಿದಿಲ್ಲ, ಎರೆಮಣ್ಣು ಬಂದದ್ದು ತಿಳಿದಿಲ್ಲ, ಮುಷ್ಟಿ ಖಾಲಿಯಾದದ್ದೂ ತಿಳಿದಿಲ್ಲ.

"ಎರಡು ವರ್ಷ ಆತು," ಎಂದಳು. "ಬೆರಳಿಗೆ ಅರಿವಿ ಸುತ್ತಿಧಂಗ ಆಗೇತಿ. ಮೊದಲು ಬರೇ ತುದಿಗಿ ಇತ್ತು."

"ನನಗ ಯಾಕ ಹೇಳಲಿಲ್ಲ?"

"ನೀ ಬೈತೀದಿ."

ಅವಳೇ ಮುಂದುವರಿಸಿದಳು. "ಓಣ್ಯಾಗ ಯಾರಿಗೂ ಹೇಳಬ್ಯಾಡ ತಂಗಿ. ಕೈ ಸತ್ತೈತಿ ಅಂತ ಗೊತ್ತಾದರ ಉಡಿ ತುಂಬಾಕ ಬರೂದು ಬಿಡ್ತಾರ. ಅದೊಂದು ಬಿಟ್ಟರ ನನಗ ಏನೈತಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಂಜೆ ಕಾಕಾನ ಮನೆಗೆ ಹೋದೆ. ನಿಜ ಹೇಳದೆ ತಪ್ಪು ಒಪ್ಪಿಕೊಳ್ಳುವುದು ಹೇಗೆ ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಮುಂಜಾನೆ ನಾನು ಹಾಗೆಲ್ಲ ಅನ್ನಬಾರದಿತ್ತು ಎಂದಷ್ಟೇ ಅಂದೆ. ಕಾಕಾ ಎಮ್ಮೆಯ ಮೈ ತಿಕ್ಕುತ್ತಿದ್ದವನು ತಿಕ್ಕುತ್ತಲೇ ಹೇಳಿದ.

"ವೈನಿಯಾರ ಕೈ ನೋಡಿದೇನು?"

ವೈನಿ ಅಂದರೆ ಅತ್ತಿಗೆ, ಅವ್ವನನ್ನು ಅವನು ಕರೆಯುವುದು ಹಾಗೆ.

"ಮೊಳಕಿ ಎದ್ದ ದಿನಾನ ನಮಗ ಗೊತ್ತಾತು ತಂಗಿ. ಅದಕ್ಕ ಈ ಸಲ ಯಾರೂ ನಡೀಲಿಲ್ಲ. ನಡದರ ಏನರೆ ಅನ್ನಬೇಕಾಗತಿತ್ತು. ಓಣ್ಯಾನ ಹೆಂಗಸರು ಕೂಡಿ ಖಾಲಿ ಇದ್ದಲ್ಲೆಲ್ಲಾ ಕಡ್ಲಿ ಊರ್ಯಾರ. ದೂರಿಂದ ನೋಡಿದರ ವೈನಿಯಾರಿಗೆ ಸಾಲು ತುಂಬಿಧಂಗ ಕಾಣಲಿ ಅಂತ." ಎಮ್ಮೆಯ ಬೆನ್ನಿಗೆ ನೀರು ಸುರಿದು ಅಂದ, "ನಮಗ ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ ಮತ್ತ."

ನಾನು ಬುದ್ಧಿ ಇಲ್ಲದವರ ಕೆಲಸ ಎಂದು ಬೈದ ಕಡಲೆ ಅದು. ಕಾಕಾನಿಗೂ ಮಾತು ಕೊಟ್ಟು ಬಂದೆ. ಒಂದೇ ದಿನದಲ್ಲಿ ಒಂದೇ ವಿಷಯಕ್ಕೆ ಎರಡು ಕಡೆ ಬಾಯಿ ಹೊಲಿಸಿಕೊಂಡಿದ್ದೆ. ನನ್ನಂಥ ಬಾಯಿಯವಳಿಗೆ ಅದು ಸಣ್ಣ ಶಿಕ್ಷೆಯಲ್ಲ.

ಗೋಕಾಕದಲ್ಲಿ ಡಾಕ್ಟರಿಗೆ ತೋರಿಸಿದೆ. ಮಾತ್ರೆ, ಪಥ್ಯ ಶುರುವಾದವು, ಸಕ್ಕರೆ ಹತೋಟಿಗೆ ಬಂತು. ಆದರೆ ಹೋದ ಅರಿವು ಮರಳಿ ಬರುವುದು ಕಷ್ಟ ಎಂದು ಅವರು ಮೆತ್ತಗೆ ಹೇಳಿದರು. ನಾನೂ ಎಷ್ಟೋ ಜನರಿಗೆ ಅದನ್ನೇ ಅಷ್ಟೇ ಮೆತ್ತಗೆ ಹೇಳಿದ್ದೇನೆ. ಬರುವಾಗ ಬಸ್ಸಿನಲ್ಲಿ ಅವ್ವ ಒಂದು ಸಲ ಕೈಯನ್ನು ತಿರುವಿ ಮುರುವಿ ನೋಡಿಕೊಂಡಳು, ಆಮೇಲೆ ಸೆರಗಿನೊಳಗೆ ಇಟ್ಟುಕೊಂಡಳು.

ವರ್ಷ ತಿರುಗಿತು. ಹೋದ ವರ್ಷ ಬಿತ್ತಿಗೆಗೆಂದೇ ನಾನು ರಜೆ ಹಾಕಿ ಬಂದೆ. ಮಳೆ ಹದವಾಗಿ ಬಿದ್ದು ಎರಡು ದಿನ ಬಿಸಿಲು ಬಿದ್ದಿತ್ತು. ಮುಂಜಾನೆ ಎದ್ದು ನೋಡಿದರೆ ಅವ್ವ ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು ಹೊರಟು ನಿಂತಿದ್ದಳು. ಮೂಡಲಗಿಯಲ್ಲಿರುವ ಅವಳ ತಂಗಿಗೆ, ನನ್ನ ಚಿಗವ್ವನಿಗೆ, ಹುಷಾರಿಲ್ಲವಂತೆ. ಚಿಗವ್ವ ಹಿಂದಿನ ದಿನವಷ್ಟೇ ಫೋನಿನಲ್ಲಿ ನನ್ನ ಜೊತೆ ಅರ್ಧ ತಾಸು ನಕ್ಕೊಂಡು ಮಾತಾಡಿದ್ದಳು. ನಾನು ಏನೋ ಅನ್ನುವಷ್ಟರಲ್ಲಿ ಕಾಕಾ ಮತ್ತು ಓಣಿಯ ನಾಲ್ಕಾರು ಹೆಂಗಸರು ಮೊರದಲ್ಲಿ ಜೋಳ ಹಿಡಿದು ಅಂಗಳಕ್ಕೆ ಬಂದರು.

"ಈ ಸಲ ನೀವ ಬಿತ್ತಿಕೊಳ್ರಿ. ನಾ ಮೂಡಲಗಿಗೆ ಹೊಂಟೇನಿ," ಎಂದಳು ಅವ್ವ ಅವರ ಮುಖ ನೋಡದೆ.

"ಹೋಗಿ ಬರ್ರಿ ವೈನಿ. ನೀವು ಬರೂತನಕ ಕಾಯ್ತೇವಿ," ಎಂದ ಕಾಕಾ.

"ಹದ ಕಾಯ್ತೈತೇನು?"

"ಕಾಯಲಿಲ್ಲಂದರ ಹೋತು."

ಅಂದರೆ ಆ ವರ್ಷದ ಬೆಳೆ ಹೋದರೂ ಚಿಂತೆಯಿಲ್ಲ ಎಂದು ಅವನು ಹೇಳುತ್ತಿದ್ದ. ಅವ್ವನ ಕೈ ಬಿತ್ತಿದರೂ ಬೆಳೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಇಬ್ಬರೂ ಸುಳ್ಳು ಹೇಳಿಕೊಂಡು, ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ನಿಂತಿದ್ದರು. ಮೇಲೆ ಹದವಾದ ಹೊಲ ಒಣಗುತ್ತಿತ್ತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಯವ್ವಾ, ಇವರಿಗೆಲ್ಲಾ ಗೊತ್ತೈತಿ," ಎಂದೆ. "ಹೋದ ವರ್ಷಾನ ಗೊತ್ತೈತಿ. ಕಾಕಾ, ನಿಮಗ ಗೊತ್ತೈತಿ ಅಂತ ನಾ ಹೇಳಿಬಿಟ್ನಿ. ಇನ್ನ ನನ್ನ ಕೈಲೆ ಆಗೂದಿಲ್ಲ."

ಅವ್ವ ಚೀಲ ಕೆಳಗಿಟ್ಟಳು.

"ಯಾರ್ಯಾರಿಗೆ ಗೊತ್ತೈತಿ?" ಎಂದು ಅವ್ವ ಕಾಕಾನನ್ನು ಕೇಳಿದಳು.

ಕಾಕಾ ನೆಲ ನೋಡಿದ. "ಹೊಲಕ್ಕ ಗೊತ್ತಾದ ಮ್ಯಾಲ ಎಲ್ಲಾರಿಗೂ ಗೊತ್ತಾಧಂಗ ಅಲ್ರಿ ವೈನಿ."

"ಗೊತ್ತಿದ್ದೂ ಬಂದೀರಿ?"

"ಬಂದೇವಲ್ರಿ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಡಿ ಹಿಡಿದಳು. ಹೆಂಗಸರು ಮೊರ ಬಗ್ಗಿಸಿ ಜೋಳ ತುಂಬಿದರು. ಉಡಿ ತುಂಬಿದ ಮೇಲೆ ಅವ್ವ ನೇರ ನನ್ನ ಹತ್ತಿರ ಬಂದು, ನನ್ನ ಸೆರಗು ಎಳೆದು, ಎಲ್ಲ ಕಾಳನ್ನೂ ನನ್ನ ಉಡಿಗೆ ಸುರಿದಳು. "ಚಪ್ಪಲ್ ಬಿಡ," ಎಂದಳು. ಅಷ್ಟೇ ಹೇಳಿದ್ದು.

ಆಸ್ಪತ್ರೆಯ ನುಣುಪು ನೆಲದ ಮೇಲೆ ಓಡಾಡಿದ ಪಾದಗಳು ನನ್ನವು. ಮರಡಿಯ ಒಂದೊಂದು ಕಲ್ಲೂ ಜೀವ ತೆಗೆಯಿತು. ಮಣ್ಣು ಬದಲಾದದ್ದು ನನಗೆ ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯುತ್ತಿತ್ತು. ಕೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಗೊಂಚಲಾಗಿ ಬೀಳುತ್ತಿತ್ತು, ಒಮ್ಮೆ ಮುಷ್ಟಿ ಹಿಡಿದುಕೊಂಡೇ ಇರುತ್ತಿತ್ತು. ಎತ್ತುಗಳು ನನ್ನ ಸಲುವಾಗಿ ನಿಲ್ಲುವವಲ್ಲ. ಕಾಕಾ ಬಾಯಿ ಬಿಡದೆ ಹೊಡೆಯುತ್ತಿದ್ದ. ಅವ್ವ ಕೂರಿಗೆಯ ಬಾಜೂ ನಡೆಯುತ್ತಿದ್ದಳು, ನನ್ನ ಕೈಯನ್ನು ನೋಡುತ್ತಿರಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಎಲ್ಲೋ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎಡಗೈಯಿಂದ ಎಡಗಡೆಯ ಕೊಳವೆಯನ್ನು ತಟ್ಟಿದಳು. ಬಗ್ಗಿ ನೋಡಿದೆ, ಆ ತೂತಿಗೆ ಕಾಳು ಬೀಳುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಡುವಿನದನ್ನು ತಟ್ಟಿದಳು. ಅಲ್ಲಿ ಹೆಂಟೆ ಸಿಕ್ಕಿಕೊಂಡಿತ್ತು.

ಅವಳು ಕೇಳಿಸಿಕೊಳ್ಳುತ್ತಿದ್ದಳು. ಮೂರು ಬಿದಿರಿನ ಕೊಳವೆಯಲ್ಲಿ ಮೂರು ಸದ್ದು ಇಳಿಯುತ್ತದೆ, ತುಸು ದಪ್ಪ, ತುಸು ತೆಳು. ಮೂರೂ ಒಟ್ಟಿಗೆ ಇರಬೇಕು. ಇಷ್ಟು ವರ್ಷ ನಾನು ಭಕ್ತಿ ಎಂದುಕೊಂಡ ಮೌನ ಇದಕ್ಕಾಗಿ ಇತ್ತು. ಬೇಟೆಗೆ ಹೋದ ಹಿರಿಯರು ಪೊದೆಯೊಳಗಿನ ಸದ್ದಿಗೆ ಕಿವಿಗೊಟ್ಟ ಹಾಗೆ ಅವರ ಹೆಣ್ಣುಮಕ್ಕಳು ಕೂರಿಗೆಗೆ ಕಿವಿಗೊಡುತ್ತಾ ಬಂದಿದ್ದರು. ಹಿಂದಿನ ವರ್ಷವೂ ಅವಳಿಗೆ ಕೊಳವೆ ಖಾಲಿ ಹೋದದ್ದು ಕೇಳಿಸಿತ್ತಂತೆ, ಒಂದೊಂದೂ ಕೇಳಿಸಿತ್ತಂತೆ. ಬೆರಳು ಮಾತ್ರ ಕೇಳಲಿಲ್ಲ. ಇದನ್ನು ಆಮೇಲೆ ಹೇಳಿದಳು. ತಾನು ಹಾಳು ಮಾಡುತ್ತಿರುವುದನ್ನು ತಾನೇ ಕೇಳಿಸಿಕೊಳ್ಳುತ್ತಾ, ಯಾರಿಗೂ ಹೇಳದೆ, ಇಡೀ ಹೊಲ ಅವಳು ನಡೆದಿದ್ದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಟ್ಟುವುದು ಕಡಿಮೆಯಾಯಿತು. ಬೇವಿನ ಗಿಡದ ಹತ್ತಿರದ ಎರೆಮಣ್ಣಿನ ಪಟ್ಟಿಗೆ ಬಂದಾಗ ನನ್ನ ಕೈ ತಾನಾಗಿಯೇ ಸಡಿಲಾಯಿತು. ಅಲ್ಲಿ ಅವ್ವ ನನ್ನ ಮೊಳಕೈ ಹಿಡಿದಳು.

"ನಿನ್ನ ಕೈ ಛಲೋ ಐತಿ," ಎಂದಳು.

ಕೂರಿಗೆ ನಡೆಯುತ್ತಿರುವಾಗ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನನ್ನು ಹೊಗಳಿದ್ದನ್ನು ಕೇಳಿದ್ದೂ ಅದೇ ಮೊದಲು. ತಲೆ ಎತ್ತಿ ಅವಳ ಮುಖ ನೋಡಿದೆ. ಆಮೇಲೆ ಮತ್ತೆ ಬಿತ್ತಿದೆ. ಸಂಜೆ ಉಡಿಯಲ್ಲಿ ಉಳಿದದ್ದನ್ನು ಮನೆಗೊಂದು ಚಿಟಿಕೆ ಹಂಚಿದ್ದು ಅವ್ವನೇ, ತನ್ನ ಬೆರಳನ್ನೇ ನೋಡಿಕೊಂಡು.

ಹತ್ತನೆಯ ದಿನ ಓಣಿಯವರು ಮತ್ತೆ ನಡಿಗೆ ಹೊರಟರು, ನಾನೂ ಹುಕ್ಕೇರಿಯಿಂದ ಬಂದಿದ್ದೆ. ಈ ಸಲ ಯಾರಿಗೂ ಕೆಲಸ ಇರಲಿಲ್ಲ. ನನ್ನನ್ನು ಚೆನ್ನಾಗಿ ಹುರಿದು ತಿಂದರು. ಇಲ್ಲಿ ಕಲ್ಲು ಚುಚ್ಚಿದೆ, ಇಲ್ಲಿ ಹೆದರಿದ್ದಾಳೆ, ಇಲ್ಲಿ ದಾರಿಯಲ್ಲಿ ಹೋಗುವವರು ನೋಡುತ್ತಾರೆಂದು ಜಂಬಕ್ಕೆ ಜಾಸ್ತಿ ಸುರಿದಿದ್ದಾಳೆ. ಎಲ್ಲವೂ ನಿಜ. ಅವ್ವ ಎಲ್ಲರಿಗಿಂತ ಹಿಂದೆ, ನಾನು ತಂದುಕೊಟ್ಟ ದಪ್ಪ ಚಪ್ಪಲಿ ಹಾಕಿಕೊಂಡು ಬರುತ್ತಿದ್ದಳು. ಬೇವಿನ ಗಿಡದ ಹತ್ತಿರ ಎಲ್ಲರೂ ನಿಂತರು. ಅಲ್ಲಿ ಮೂರೂ ಸಾಲುಗಳು ಒಟ್ಟಿಗೆ ಕಡಿದಿದ್ದವು. ಒಂದೂವರೆ ಹೆಜ್ಜೆಯಷ್ಟು ಬರೀ ಮಣ್ಣು. ಅದರಾಚೆ ಸಾಲುಗಳು ಮತ್ತೆ ಶುರುವಾಗಿ ನೆಟ್ಟಗೆ ಹೋಗಿದ್ದವು.

ಕಾಕಾ ಕಿಸೆಯಿಂದ ನಾಲ್ಕು ಕಡಲೆ ಕಾಳು ತೆಗೆದು ಬಗ್ಗಿದ. ಹೊರಡುವಾಗಲೇ ಇಟ್ಟುಕೊಂಡು ಬಂದಿದ್ದ ಎಂದು ಕಾಣುತ್ತದೆ.

"ಬ್ಯಾಡ, ಬಿಡ್ರಿ," ಎಂದಳು ಅವ್ವ ಹಿಂದಿನಿಂದ. ಜನರನ್ನು ಸರಿಸಿಕೊಂಡು ಮುಂದೆ ಬಂದು ಆ ಖಾಲಿ ಮಣ್ಣಿನ ಎದುರು ನಿಂತಳು. ಇಷ್ಟು ವರ್ಷ ಯಾರ ಬಾಯಿಗೂ ಸಿಗದವಳು, ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ಆಕೀದು ತಪ್ಪಿಲ್ಲ. ಅಲ್ಲಿ ನಾ ಮಾತಾಡೀನಿ."